ಯಾರನ್ನೂ ಬಿಡದೆ ಕರೆದ ಟಿಕೆಟ್

ನಾನು ವ್ಯವಸ್ಥೆಯ ಮನುಷ್ಯ. ಅಡುಗೆಮನೆಯ ಡಬ್ಬಿಗಳಿಂದ ಹಿಡಿದು ಗ್ಯಾರೇಜಿನ ಸ್ಕ್ರೂಗಳವರೆಗೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ಹೆಸರಿನ ಚೀಟಿ ಅಂಟಿಸಿದವನು ನಾನೇ. ಸಾರಿನ ಪುಡಿಯ ಡಬ್ಬಿಗೆ ‘ಕಾಫಿ ಪುಡಿ’ ಎಂಬ ಚೀಟಿ ಅಂಟಿಸಿದ್ದು ಮಾತ್ರ ನಾನಲ್ಲ ಎಂದು ನನ್ನ ನಂಬಿಕೆ. ಹೆಂಡತಿಯ ನಂಬಿಕೆ ಬೇರೆ. ಹೀಗಿರುವಾಗ, ಆಕ್ಲೆಂಡಿನ ನಮ್ಮ ಪುಟ್ಟ ಕನ್ನಡ ಕೂಟದ ಯುಗಾದಿ ಊಟವನ್ನು ಒಂದು ವ್ಯವಸ್ಥೆಗೆ ತರುವ ಹೊಣೆ ನನ್ನ ಹೆಗಲಿಗೆ ಬಿದ್ದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

‘ಬಿದ್ದಾಗ’ ಎಂದೆನೇ? ಈ ಮಾತಿನ ಮೇಲೆ ನನಗೀಗ ಅನುಮಾನ. ನನ್ನ ತಲೆಯೊಳಗಿನ ಚಿತ್ರ ಹೀಗಿದೆ: ಕೂಟದ ಹಿರಿಯರಾದ ಸರೋಜಮ್ಮ ಆಂಟಿ ನನ್ನತ್ತ ಕೈಮುಗಿಯುತ್ತಾರೆ, ಕಿಟಕಿಯಿಂದ ಬಿಸಿಲು ನನ್ನ ಮುಖದ ಮೇಲೆ ಬೀಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಷ್ಟು ಅಚ್ಚುಕಟ್ಟಾದ ನೆನಪು ನಿಜವಾಗಿರಲು ಸಾಧ್ಯವೇ ಇಲ್ಲ. ಸರೋಜಮ್ಮ ಆಂಟಿ ದೇವರಿಗೇ ಒಂದು ಕೈಯಲ್ಲಿ ನಮಸ್ಕಾರ ಮಾಡುವವರು. ಇನ್ನೊಂದು ಕೈಯಲ್ಲಿ ಸೌಟಿರುತ್ತದೆ. ಬಹುಶಃ ನಾನೇ ಕೈಯೆತ್ತಿರಬೇಕು. ಮುಂದೆ ಹೇಳುವುದನ್ನೂ ನೀವು ಇದೇ ಎಚ್ಚರಿಕೆಯಿಂದ ಓದುವುದು ಒಳ್ಳೆಯದು.

ಆಕ್ಲೆಂಡಿನ ಈಸ್ಟ್ ತಮಾಕಿ ಬಡಾವಣೆಯಲ್ಲಿ ಬಾಗಿಲುಗಳಿಗೆ ಎಲೆಕ್ಟ್ರಾನಿಕ್ ಬೀಗ ಮಾಡುವ ಕಂಪನಿಯಲ್ಲಿ ನನ್ನ ಕೆಲಸ. ಯಾವ ಬಾಗಿಲು ಯಾರಿಗೆ ತೆರೆಯಬೇಕು, ಯಾರಿಗೆ ತೆರೆಯಬಾರದು ಎಂದು ದಿನವಿಡೀ ಯೋಚಿಸುವುದೇ ನನ್ನ ಜೀವನೋಪಾಯ. ಅಲ್ಲಿ ನಾವೆಲ್ಲ ಬಗ್ ಟ್ರ್ಯಾಕರ್ ಎಂಬ ತಂತ್ರಾಂಶ ಬಳಸುತ್ತೇವೆ. ಏನಾದರೂ ಕೆಟ್ಟರೆ ಅದರಲ್ಲಿ ಒಂದು ಟಿಕೆಟ್ ಹಾಕಬೇಕು. ಟಿಕೆಟ್ಟಿಗೆ ಒಂದು ಕ್ರಮಸಂಖ್ಯೆ ಬರುತ್ತದೆ. ಸರಿಮಾಡಿದವರು ಅದನ್ನು ಮುಚ್ಚುತ್ತಾರೆ. ಮುಚ್ಚುವಾಗ ಕಾರಣ ಕೊಡಬೇಕು: ‘ಸರಿಹೋಯಿತು’, ‘ಸರಿಮಾಡುವುದಿಲ್ಲ’, ಅಥವಾ ‘ಇದು ದೋಷವಲ್ಲ, ಇರಬೇಕಾದದ್ದೇ ಹೀಗೆ’. ಜಗಳವಿಲ್ಲ, ಕೂಗಾಟವಿಲ್ಲ. ಇಂಥದೊಂದು ನಮ್ಮ ಕೂಟಕ್ಕೆ ಬೇಡವೇ?

“ಅಡುಗೆಗೆ ಯಾಕಪ್ಪಾ ಬಗ್ಗು?” ಎಂದರು ಸರೋಜಮ್ಮ ಆಂಟಿ.

“ಹುಳ ಅಲ್ಲ ಆಂಟಿ, ದೋಷ ಅಂತ ಅರ್ಥ.”

“ಅದನ್ನೇ ಕೇಳಿದ್ದು. ನನ್ನ ಅಡುಗೇಲಿ ಏನು ದೋಷ?”

ಆದರೂ ಒಂದೇ ವಾರದಲ್ಲಿ ಎಲ್ಲರೂ ಟಿಕೆಟ್ ಹಾಕತೊಡಗಿದರು. ಹೋದ ವರ್ಷದ ಬಾಕಿ ದೂರುಗಳೆಲ್ಲ ಹೊರಬಂದವು. ‘ಬಿಸಿಬೇಳೆಬಾತಿಗೆ ಖಾರ ಜಾಸ್ತಿಯಾಗಿತ್ತು’ ಎಂದು ಯಾರೋ ಹಾಕಿದರು. ಸರೋಜಮ್ಮ ಆಂಟಿ ಅದನ್ನು ಐದೇ ನಿಮಿಷದಲ್ಲಿ ‘ಇರಬೇಕಾದದ್ದೇ ಹೀಗೆ’ ಎಂದು ಮುಚ್ಚಿದರು. ಆಂಟಿಗೆ ತಂತ್ರಾಂಶ ಒಲಿದುಬಿಟ್ಟಿತ್ತು!

ತೊಂದರೆ ಬಂದದ್ದು ‘ನಾಟಕ ಬಹಳ ಉದ್ದವಾಯಿತು’ ಎಂಬ ಟಿಕೆಟ್ಟಿನಿಂದ. ಆ ನಾಟಕ ಬರೆದವರು, ಆಡಿಸಿದವರು, ಅದರಲ್ಲಿ ರಾಜನ ಪಾತ್ರ ಮಾಡಿ ಕೊನೆಯವರೆಗೂ ಸಾಯಲು ಒಪ್ಪದವರು ಧಾರವಾಡದ ಬಸವರಾಜ. ಅವರು ಆ ಟಿಕೆಟ್ ಓದಿ ನೇರವಾಗಿ ನನಗೆ ಫೋನ್ ಮಾಡಿದರು.

“ಇದನ್ನ ಯಾರ್ ಬರದಾರ್ರಿ ಸರ?”

“ಅದರಲ್ಲೇ ಹೆಸರಿದೆಯಲ್ಲ ಬಸವರಾಜ್.”

“ಹೆಸರು ಐತ್ರಿ. ಅವರ ಹಿಂದ ಯಾರ್ ಅದಾರ ಅದನ್ನ ಕೇಳಾಕತ್ತೀನಿ.”

ಆಗ ನಾನು ಗುಂಪುಗಳನ್ನು ಮಾಡಿದೆ. ಅಡುಗೆ, ವೇದಿಕೆ, ಮಕ್ಕಳು, ಹಿರಿಯರು, ಸಮಿತಿ. ಪ್ರತಿಯೊಬ್ಬರನ್ನೂ ಒಂದೊಂದು ಗುಂಪಿಗೆ ಸೇರಿಸಿದೆ. ಟಿಕೆಟ್ಟಿನ ಕೆಳಗೆ ಗುಂಪುಗಳ ಹೆಸರಿನ ಮುಂದೆ ಪುಟ್ಟ ಚೌಕಗಳಿರುತ್ತವೆ. ಯಾವುದಕ್ಕೂ ಗುರುತು ಹಾಕದಿದ್ದರೆ ಅದು ಊರಿಗೆಲ್ಲ ಕಾಣುತ್ತದೆ. ‘ಅಡುಗೆ’ಗೆ ಗುರುತು ಹಾಕಿದರೆ ಅಡುಗೆಯವರಿಗೆ ಮಾತ್ರ. ಇನ್ನು ಮುಂದೆ ನಾಟಕದ ಮೇಲಿನ ಅಭಿಪ್ರಾಯ ಬಸವರಾಜರ ಕಣ್ಣಿಗೆ ಬೀಳುವುದಿಲ್ಲ. ಅಡುಗೆಯ ಮೇಲಿನ ಅಭಿಪ್ರಾಯ ಆಂಟಿಯ ಕಣ್ಣಿಗೆ ಬೀಳುವುದಿಲ್ಲ. ಸಮಾಜದಲ್ಲಿ ಶಾಂತಿ ನೆಲೆಸಲು ಇನ್ನೇನು ಬೇಕು?

ಶಾಂತಿಯನ್ನು ಇನ್ನಷ್ಟು ಗಟ್ಟಿಮಾಡಲು ವಾಟ್ಸಾಪ್ ಗುಂಪಿಗೂ ಬೀಗ ಹಾಕಿದೆ. ಅಲ್ಲಿ ನಾನೊಬ್ಬನೇ ಸಂದೇಶ ಕಳಿಸಬಹುದು. ತತ್ವದ ಪ್ರಕಾರ ನಾನೂ ಕಳಿಸುವುದಿಲ್ಲ. “ಟ್ರ್ಯಾಕರಿನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ” ಎಂದು ಕೊನೆಯ ಸಂದೇಶ ಹಾಕಿ ಬಾಗಿಲು ಮುಚ್ಚಿದೆ.

ಮನೆಯಲ್ಲೂ ಅದೇ ತತ್ವ. ನನ್ನ ಹೆಂಡತಿ ವಸುಧಾ ಈ ವರ್ಷ ಅಡುಗೆ ಗುಂಪಿನ ಮುಖ್ಯಸ್ಥೆ. ಹಬ್ಬದೂಟ ನಡೆಯುವ ಬಾಡಿಗೆ ಸಭಾಂಗಣದ ಅಡುಗೆಮನೆಯನ್ನು ವರ್ಷಗಟ್ಟಲೆ ಆಳಿದ ಸರೋಜಮ್ಮ ಆಂಟಿ ಮಂಡಿನೋವಿನಿಂದ ನಿವೃತ್ತರಾಗಿ, ಎಲ್ಲರ ಮುಂದೆ ತಮ್ಮ ಉದ್ದನೆಯ ಸೌಟನ್ನು ಅವಳ ಕೈಗಿತ್ತಿದ್ದರು. ಇತ್ತು, ಒಂದೇ ಮಾತು ಹೇಳಿದ್ದರು: “ನೋಡೋಣ.” ಆ ‘ನೋಡೋಣ’ ಏನೆಂದು ಕೂಟದ ಹೆಂಗಸರಿಗೆಲ್ಲ ಗೊತ್ತು. ಊಟ ಚೆನ್ನಾದರೆ ಸೌಟು ವಸುಧಾಳದ್ದು. ಕೆಟ್ಟರೆ ಮಂಡಿನೋವು ಮಾಯವಾಗಿ ಸೌಟು ವಾಪಸ್ಸು, ಮತ್ತು ನಾವೆಲ್ಲ ವಾಸಿಸುವ ಫ್ಲ್ಯಾಟ್ ಬುಷ್ ಬಡಾವಣೆಯ ಪ್ರತಿ ಮನೆಯ ಅರಿಶಿನ ಕುಂಕುಮದಲ್ಲೂ ವರ್ಷವಿಡೀ ಅದೇ ಮಾತು. ಪಾಪ, ಅವಳಿಗೆ ನಿದ್ದೆಯಲ್ಲೂ ಅಕ್ಕಿಯದೇ ಲೆಕ್ಕ. ಒಂದು ದಿನ ಊಟದ ನಡುವೆ ಕೇಳಿದಳು:

“ರೀ, ಹಾಲ್ ಅಡುಗೆಮನೆ ಎಷ್ಟು ಗಂಟೆಗೆ ತೆಗೀತಾರೆ?”

“ಟಿಕೆಟ್ ಹಾಕು” ಎಂದೆ.

ವಸುಧಾ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಆಗಲೇ ಗಮನಿಸಬೇಕಿತ್ತು. ಅಥವಾ ಆ ನೋಟ ಆಗ ಇರಲೇ ಇಲ್ಲ. ಆಮೇಲೆ ನಡೆದದ್ದನ್ನು ತಿಳಿದ ನನ್ನ ನೆನಪು ಅದನ್ನು ಈಗ ತಂದು ಅಲ್ಲಿ ಇಡುತ್ತಿದೆ. ಟಿಕೆಟ್ ಅಂತೂ ಹಾಕಿದಳು.

ಯುಗಾದಿಯ ಭಾನುವಾರಕ್ಕೆ ಕೆಲವೇ ದಿನಗಳಿದ್ದಾಗ ಸಭಾಂಗಣ ನೋಡಿಕೊಳ್ಳುವಾತನಿಂದ ನನಗೆ ಮಿಂಚಂಚೆ ಬಂತು. ಅಡುಗೆಮನೆಯ ಒಲೆ ಕೆಟ್ಟಿದೆಯಂತೆ. ರಿಪೇರಿಗೆ ಬರುವವರು ಮುಂದಿನ ವಾರ ಬರುತ್ತಾರಂತೆ. ಕ್ಷಮಿಸಬೇಕಂತೆ. ಕೊನೆಯಲ್ಲಿ ಒಂದು ನಗುಮುಖ.

ನನಗೆ ಗಾಬರಿಯಾಯಿತೆಂದು ನೀವು ತಿಳಿದರೆ ತಪ್ಪು. ನನಗೆ ಆನಂದವಾಯಿತು! ಕೊನೆಗೂ ನನ್ನ ವ್ಯವಸ್ಥೆಗೆ ತಕ್ಕ ಒಂದು ವಿಪತ್ತು! ಕೂಡಲೇ ಕುಳಿತು ಟಿಕೆಟ್ ಹಾಕಿದೆ. ಶೀರ್ಷಿಕೆ: ‘ಸಭಾಂಗಣದ ಒಲೆ ಕೆಟ್ಟಿದೆ. ಅನ್ನ, ಬಿಸಿಬೇಳೆಬಾತು ಮನೆಗಳಲ್ಲೇ ಮಾಡಿ ತರತಕ್ಕದ್ದು.’ ತುರ್ತು: ‘ಪರಮಾವಧಿ’. ಕೆಂಪು ಬಣ್ಣ. ಕ್ರಮಸಂಖ್ಯೆ ಐವತ್ತೇಳು. ಯಾರಿಗೆ ವಹಿಸಬೇಕು ಎಂಬ ಜಾಗ ಖಾಲಿ ಬಿಟ್ಟೆ. ಹೆಂಡತಿಗೆ ಲಿಖಿತವಾಗಿ ಕೆಲಸ ವಹಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಉಳಿದದ್ದು ಗುಂಪಿನ ಚೌಕಗಳು. ಯಾವುದಕ್ಕೂ ಗುರುತು ಹಾಕದೆ ಬಿಟ್ಟರೆ ಊರಿಗೆಲ್ಲ ಕಾಣುತ್ತದೆ, ಹೌದು. ಆದರೆ ಊರಿಗೆಲ್ಲ ಕಾಣುವುದು ಬೇರೆ, ನಮ್ಮನ್ನು ಕರೆದು ಹೇಳುವುದು ಬೇರೆ! ಈ ವ್ಯತ್ಯಾಸ ನನಗೆ ಅನುಭವದಿಂದ ಗೊತ್ತು. ನಮ್ಮ ಗೃಹಪ್ರವೇಶಕ್ಕೆ ಎಲ್ಲರ ಮನೆಗೂ ಹೋಗಿ, ಕುಂಕುಮ ಅಕ್ಷತೆ ಕೊಟ್ಟು ಕರೆದಿದ್ದೆವು. ಬಸವರಾಜರ ಮನೆಯಲ್ಲಿ ಅಂದು ಯಾರೂ ಇರಲಿಲ್ಲವಾದ್ದರಿಂದ ಅವರಿಗೆ ಫೋನಿನಲ್ಲಿ ಹೇಳಿದೆವು. ಅವರು ಬಂದರು, ಉಂಡರು, ಉಡುಗೊರೆಯನ್ನೂ ಕೊಟ್ಟರು. ಇವತ್ತಿಗೂ ಸಿಕ್ಕಾಗಲೆಲ್ಲ, “ನಮ್ಮನ್ನೇನ್ ಕರದ್ರಿ, ಫೋನಿನ್ಯಾಗ ಸುದ್ದಿ ಹೇಳಿದ್ರಿ” ಎನ್ನುತ್ತಾರೆ.

ಆದ್ದರಿಂದ ಮೊದಲು ‘ಅಡುಗೆ’ಗೆ ಗುರುತು ಹಾಕಿದೆ. ಕೂಡಲೇ ಬಸವರಾಜರ ಮುಖ ಕಣ್ಣ ಮುಂದೆ ಬಂತು. ‘ವೇದಿಕೆ’ಗೂ ಹಾಕಿದೆ. ಹಿರಿಯರನ್ನು ಬಿಟ್ಟರೆ ಸರೋಜಮ್ಮ ಆಂಟಿ ಸುಮ್ಮನಿರುತ್ತಾರೆಯೇ? ಅವರಿಗೂ ಹಾಕಿದೆ. ಮಕ್ಕಳಿಗೆ ಹೇಳದಿದ್ದರೆ ಅವರ ತಾಯಂದಿರು ಬಿಡುತ್ತಾರೆಯೇ? ಹಾಕಿದೆ. ಸಮಿತಿ ಎಂಬುದು ಇರುವುದೇ ತನ್ನನ್ನು ಕೇಳಲಿಲ್ಲವೆಂದು ಬೇಸರಿಸಲು. ಅದಕ್ಕೂ ಹಾಕಿದೆ. ಮನೆಮನೆಗೂ ಕುಂಕುಮ ಕೊಟ್ಟು ಬಂದವನ ತೃಪ್ತಿಯಿಂದ ಗುಂಡಿ ಒತ್ತಿದೆ.

ಚೌಕಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಒಂದು ಸಾಲು ಇತ್ತು. ಸಣ್ಣ ಅಕ್ಷರ ಓದುತ್ತ ಕೂರಲು ನಾನೇನು ಹೊಸಬನೇ?

ಮರುದಿನ ಯಾರಿಂದಲೂ ಉತ್ತರವಿಲ್ಲ. ಒಬ್ಬರೂ ‘ಸರಿ’ ಎನ್ನಲಿಲ್ಲ, ಒಬ್ಬರೂ ‘ಅಯ್ಯೋ’ ಎನ್ನಲಿಲ್ಲ. ‘ಜ್ಞಾಪನೆ’ ಎಂದು ಅದೇ ಟಿಕೆಟ್ಟಿನಲ್ಲಿ ಬರೆದೆ. ಕೂಡಲೇ ನನ್ನ ಮಿಂಚಂಚೆಗೆ ಟ್ರ್ಯಾಕರಿನಿಂದ ಒಂದು ಪ್ರತಿ ಬಂತು. ಅಂದರೆ ವ್ಯವಸ್ಥೆ ಸರಿಯಾಗಿಯೇ ಇದೆ. ಕೆಟ್ಟಿರುವುದು ಜನ! ಅದರ ಮರುದಿನ ‘ಅಂತಿಮ ಜ್ಞಾಪನೆ’ ಎಂದು ಬರೆದೆ. ಅದರ ಪ್ರತಿಯೂ ನನಗೆ ಬಂತು. ನಾನು ಓದಿದೆ. ಬಹಳ ಚೆನ್ನಾಗಿ ಬರೆದಿದ್ದೆ.

ನನಗೆ ಅನುಮಾನ ಹುಟ್ಟಿತು. ಇವರೆಲ್ಲ ಸೇರಿ ನನ್ನ ವ್ಯವಸ್ಥೆಯನ್ನು ಬಹಿಷ್ಕರಿಸುತ್ತಿದ್ದಾರೆ! ಎಲ್ಲೋ ನಾನಿಲ್ಲದ ಇನ್ನೊಂದು ವಾಟ್ಸಾಪ್ ಗುಂಪು ಹುಟ್ಟಿಕೊಂಡಿದೆ. ಅಲ್ಲಿ ಎಲ್ಲ ತೀರ್ಮಾನವಾಗುತ್ತಿದೆ. ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಶುರುಮಾಡಿದೆ.

“ವಸುಧಾ, ಭಾನುವಾರದ ವಿಷಯ ಒಂದು...”

“ಟಿಕೆಟ್ ಹಾಕಿ.”

“ಹಾಕಿದೀನಿ!”

“ಹಾಗಾದ್ರೆ ಆಯ್ತಲ್ಲ. ನಾನು ದಿನಾ ನೋಡ್ತೀನಿ. ನನ್ನ ಗುಂಪಿಂದು ಒಂದೂ ಬಾಕಿ ಇಲ್ಲ.”

ಒಂದೂ ಬಾಕಿ ಇಲ್ಲವೇ? ಎದ್ದುಹೋಗಿ ನೋಡಿದೆ. ಐವತ್ತೇಳು ಕೆಂಪಗೆ ಉರಿಯುತ್ತಿತ್ತು. ನನ್ನ ಹೆಂಡತಿ, ನನ್ನ ಎದುರಿಗೇ ಕುಳಿತು, ನನ್ನದೇ ಉಪ್ಪಿನಕಾಯಿ ತಿನ್ನುತ್ತ, ಸುಳ್ಳು ಹೇಳುತ್ತಿದ್ದಾಳೆ! ಉಪ್ಪಿನಕಾಯಿ ಹಾಕಿದವಳು ಅವಳೇ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

“ಡ್ಯಾಡ್, ಜಸ್ಟ್ ಟೆಲ್ ಹರ್” ಎಂದಳು ಮಗಳು ದಿಯಾ, ಫೋನಿನಿಂದ ತಲೆಯೆತ್ತದೆ.

“ವ್ಯವಸ್ಥೆ ಅಂತ ಒಂದಿದೆ ದಿಯಾ.”

“ಓಕೆ. ಗುಡ್ ಲಕ್ ವಿತ್ ದಟ್.”

ಶನಿವಾರ ಭಾರತೀಯ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಬಸವರಾಜ ಎದುರಾದರು. ಆಚೀಚೆ ನೋಡಿ, ತೆಂಗಿನಕಾಯಿಯ ರಾಶಿಯ ಮರೆಗೆ ನನ್ನನ್ನು ಕರೆದೊಯ್ದರು.

“ಸರ, ಐವತ್ತೇಳರಾಗ ಏನೈತಿ ಅಂತ ನಮಗೆಲ್ಲಾ ಗೊತ್ತೈತ್ರಿ.”

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ಗೊತ್ತಾಯ್ತಾ? ಸದ್ಯ! ನಾನು ಯಾರೂ ನೋಡೇ ಇಲ್ಲ ಅಂದ್ಕೊಂಡಿದ್ದೆ.”

“ನಮ್ಮ ಕಣ್ಣಿಗೆ ಏನೂ ತಪ್ಪಂಗಿಲ್ರಿ” ಎಂದರು, ನನ್ನ ಮುಖವನ್ನೇ ನೋಡುತ್ತ.

“ಮತ್ತೆ ನಿಮ್ಮ ಕಡೆಯವರದ್ದೆಲ್ಲ ಏರ್ಪಾಡಾಯ್ತಾ?”

“ಏರ್ಪಾಡು...?” ಬಸವರಾಜ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ ತೆಂಗಿನಕಾಯಿ ಅಲ್ಲೇ ನಿಂತಿತು. “ಹಾಂ, ಹಾಂ. ಮಾಡ್ಕೋತೀವ್ರಿ.”

“ಊಟದ ಹೊತ್ತಿಗೆ ಪೇಚಾಡೋ ಹಾಗಾಗ್ಬಾರ್ದು, ಅಷ್ಟೆ.”

ಅವರು ನಾಟಕದಲ್ಲಿ ಮಂತ್ರಿಯ ದ್ರೋಹ ತಿಳಿದ ರಾಜನಂತೆ ಎರಡು ಹೆಜ್ಜೆ ಹಿಂದೆ ಸರಿದು, ತಲೆಯಾಡಿಸಿ, ತೆಂಗಿನಕಾಯಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಕೆಲಸವಿರಬೇಕು ಎಂದುಕೊಂಡೆ.

ಸಂಜೆ ಸರೋಜಮ್ಮ ಆಂಟಿಯ ಫೋನ್. “ಮುರಳಿ, ಏನೋ ಮುಚ್ಚಿಟ್ಟಿದೀಯಂತೆ?”

“ಮುಚ್ಚಿಡೋದಾ? ಆಂಟಿ, ಒಂದು ಗುಂಪನ್ನೂ ಬಿಡದೆ ಎಲ್ಲರಿಗೂ ಹಾಕಿದೀನಿ!”

“ನನಗೆ ಕಾಣ್ಸಲ್ಲವಲ್ಲಪ್ಪ.”

“ಕನ್ನಡಕ ಹಾಕ್ಕೊಂಡು ನೋಡಿ ಆಂಟಿ.”

“ಹಾಗೇ ಮಾಡ್ತೀನಿ” ಎಂದು ಫೋನ್ ಇಟ್ಟುಬಿಟ್ಟರು.

ಭಾನುವಾರ ಬೆಳಗ್ಗೆ ವಸುಧಾ ಕಾರಿಗೆ ದೊಡ್ಡ ಪಾತ್ರೆಗಳನ್ನು ತುಂಬಿದಳು. ನೆನೆಸಿದ ಹೆಸರುಬೇಳೆ, ಮೂಟೆ ಅಕ್ಕಿ, ತೊಗರಿಬೇಳೆ, ತರಕಾರಿ. ಕೊನೆಗೆ ಮಡಿಬಟ್ಟೆಯಂತೆ ಟವೆಲಿನಲ್ಲಿ ಸುತ್ತಿದ ಆ ಸೌಟು. ಕೆಟ್ಟ ಒಲೆಯ ಕಡೆಗೆ ಹಸಿ ಅಕ್ಕಿ ಯಾಕೆ ಹೊರಟಿದೆ? ಒಂದು ಕ್ಷಣ ಯೋಚಿಸಿದೆ. ತಿಳಿಯಿತು! ದಾರಿಯಲ್ಲಿ ಸರೋಜಮ್ಮ ಆಂಟಿಯ ಮನೆಯಲ್ಲಿ ಬೇಯಿಸಿಕೊಂಡು ಹೋಗುತ್ತಾರೆ. ಎಲ್ಲ ಮೊದಲೇ ಗೊತ್ತುಮಾಡಿಕೊಂಡಿದ್ದಾರೆ. ನನಗೊಂದು ಮಾತು ಹೇಳಿಲ್ಲ. ಸರಿ. ನಾನೂ ಕೇಳುವುದಿಲ್ಲ! ಬಾಗಿಲಲ್ಲಿ ನಿಂತು ಗಂಭೀರವಾಗಿ ಕೈಬೀಸಿದೆ.

ನಾನು, ದಿಯಾ, ಮೈಕು, ಬ್ಯಾನರು ಸಭಾಂಗಣ ತಲುಪಿದಾಗ ಜೋರಾಗಿ ಗಾಳಿ ಬೀಸುತ್ತಿತ್ತೆಂದು ನೆನಪು. ಆಕ್ಲೆಂಡಿನಲ್ಲಿ ಗಾಳಿ ಯಾವಾಗ ಬೀಸುವುದಿಲ್ಲ? ಆದ್ದರಿಂದ ಈ ವಿವರವನ್ನು ಸಾಕ್ಷಿಯಾಗಿ ಪರಿಗಣಿಸಬೇಡಿ. ಅಡುಗೆಮನೆಯಲ್ಲಿ ಏನೂ ಬೇಯುವ ವಾಸನೆಯಿರಲಿಲ್ಲ. ಒಲೆಗೆ ಅಡ್ಡಡ್ಡ ಹಳದಿ ಟೇಪು ಅಂಟಿಸಿತ್ತು. ಸುತ್ತಲೂ ಅಡುಗೆ ಗುಂಪಿನ ಹೆಂಗಸರು, ಸಾವಿನ ಮನೆಗೆ ಬಂದವರಂತೆ. ನಡುವೆ ವಸುಧಾ, ಕೈಯಲ್ಲಿ ಸೌಟು. ಮೂಲೆಯ ಕುರ್ಚಿಯಲ್ಲಿ ಸರೋಜಮ್ಮ ಆಂಟಿ. ಅವರು ಕನ್ನಡಕ ಹಾಕಿಕೊಂಡಿದ್ದರು.

“ರೀ, ಒಲೆ ಕೆಟ್ಟಿದೆ!” ಎಂದಳು ವಸುಧಾ.

“ಗೊತ್ತು” ಎಂದೆ.

ನನ್ನ ಜೀವನದಲ್ಲಿ ಒಂದೇ ಒಂದು ಪದವನ್ನು ವಾಪಸ್ಸು ಪಡೆಯಲು ಅವಕಾಶ ಸಿಕ್ಕರೆ ಅದು ಇದೇ ಪದ. ಇಡೀ ಅಡುಗೆಮನೆ ನನ್ನ ಕಡೆ ತಿರುಗಿತು. ಒಲೆ ಕೂಡ ತಿರುಗಿತೆಂದು ನನಗೆ ಅನ್ನಿಸಿತು.

“ಗೊತ್ತಾ? ಯಾವಾಗಿಂದ?”

“ಬುಧವಾರದಿಂದ. ನಿಮಗೂ ಗೊತ್ತಲ್ಲ! ಐವತ್ತೇಳು! ಎಲ್ಲರಿಗೂ ಹಾಕಿದೀನಲ್ಲ! ಜ್ಞಾಪನೆ! ಅಂತಿಮ ಜ್ಞಾಪನೆ!” ಫೋನ್ ತೆಗೆದು ಎತ್ತಿ ಹಿಡಿದೆ. “ನೋಡಿ, ಇಲ್ಲೇ ಇದೆ!”

ವಸುಧಾ ತನ್ನ ಫೋನ್ ತೆಗೆದಳು. ಅಲ್ಲಿ ಐವತ್ತಾರು ಇತ್ತು, ಐವತ್ತೆಂಟು ಇತ್ತು. ನಡುವೆ ಏನೂ ಇರಲಿಲ್ಲ. ಸಂಖ್ಯೆಯನ್ನು ತಾನೇ ಒತ್ತಿ ನೋಡಿದಳು. ‘ಈ ಟಿಕೆಟ್ ನೋಡಲು ನಿಮಗೆ ಅನುಮತಿ ಇಲ್ಲ’ ಎಂದಿತು ತಂತ್ರಾಂಶ. ಇಷ್ಟರಲ್ಲಿ ವೇದಿಕೆಯ ಕಡೆಯಿಂದ ಗದ್ದಲ ಕೇಳಿ ಬಂದ ಬಸವರಾಜರೂ ತಮ್ಮ ಫೋನ್ ತೋರಿಸಿದರು. ಅಲ್ಲೂ ಅದೇ.

“ಆದ್ರೆ ನೀವು ನಿನ್ನೆ ಗೊತ್ತು ಅಂದ್ರಲ್ಲ ಬಸವರಾಜ್!”

“ಗೊತ್ತಿಲ್ಲ ಅಂದ್ರ ನೀವು ಹೇಳ್ತಿದ್ರೇನ್ರಿ? ಗೊತ್ತೈತಿ ಅಂದು ನಿಮ್ಮ ಬಾಯಿ ಬಿಡಸಾಕ ನೋಡಿದ್ನಿ. ಟಿಕೆಟ್ ಇಲ್ಲ ಅಂದಿದ್ರ ಸುಮ್ನಿರ್ತಿದ್ನಿ. ಅನುಮತಿ ಇಲ್ಲ ಅಂತೈತಿ! ಅಂದಮ್ಯಾಲ ಏನೋ ಐತಿ ಅಂತ ಆತಲ್ರಿ.”

ವಸುಧಾ ನನ್ನ ಫೋನ್ ಕಿತ್ತುಕೊಂಡಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು; ಸಣ್ಣ ಅಕ್ಷರ ಓದುವುದೇ ಅವಳ ವೃತ್ತಿ. ಬೆರಳಿನಿಂದ ಕೆಳಕ್ಕೆ ಸರಿಸಿ, ಚೌಕಗಳ ಹತ್ತಿರ ನಿಂತು, ಆ ಒಂದು ಸಾಲನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದಳು:

“ಗುರುತು ಹಾಕಿದ ಎಲ್ಲಾ ಗುಂಪುಗಳಲ್ಲೂ ಇರೋರು ಮಾತ್ರ ಇದನ್ನ ನೋಡಬಹುದು.”



“ಅಂದ್ರೆ?” ಎಂದರು ಸರೋಜಮ್ಮ ಆಂಟಿ.

“ಅಂದ್ರೆ ಆಂಟಿ, ಇದನ್ನ ಓದೋಕೆ ಹಿರಿಯರೂ ಆಗಿರ್ಬೇಕು, ಮಕ್ಕಳೂ ಆಗಿರ್ಬೇಕು. ಅಡುಗೆನೂ ಮಾಡ್ಬೇಕು, ನಾಟಕನೂ ಆಡ್ಬೇಕು, ಸಮಿತೀಲೂ ಇರ್ಬೇಕು. ಒಬ್ಬರೇ.”

ಅಂಥವನು ದೇವರೊಬ್ಬನೇ. ದೇವರಿಗೆ ನಮ್ಮ ಟ್ರ್ಯಾಕರಿನಲ್ಲಿ ಖಾತೆ ತೆರೆದಿರಲಿಲ್ಲ.

“ಹಾಗಾದ್ರೆ ನನಗೆ ಹೇಗೆ ಕಾಣ್ಸುತ್ತೆ?” ಎಂದು ಕೇಳಿದೆ. ಸೋಲುತ್ತಿರುವವನ ಕೊನೆಯ ವಾದ.

“ಟಿಕೆಟ್ ಹಾಕಿದೋರಿಗೆ ಯಾವಾಗ್ಲೂ ಕಾಣ್ಸುತ್ತಂತೆ. ಅದೂ ಇಲ್ಲೇ ಬರೆದಿದೆ.”

ಒಂದೊಂದು ಗುರುತು ಹಾಕಿದಾಗಲೂ ಒಂದು ಮನೆಯನ್ನು ಕರೆದೆನೆಂದು ನಾನು ಹಿಗ್ಗಿದ್ದೆ. ಅದು ಒಂದೊಂದು ಬಾಗಿಲಿಗೂ ಬೀಗ ಹಾಕುತ್ತ ಹೋಗಿತ್ತು. ಬೀಗದ ಕಂಪನಿಯಲ್ಲಿ ಸಂಬಳ ತೆಗೆದುಕೊಳ್ಳುವವನು ನಾನು!

ಹೊರಗೆ ಜನ ಸೇರುತ್ತಿದ್ದರು. ಬೇವುಬೆಲ್ಲದ ತಟ್ಟೆ ಸುತ್ತಾಡುತ್ತಿತ್ತು. ರೇಷ್ಮೆ ಸೀರೆ, ಪಂಚೆ, ಹಸಿದ ಮಕ್ಕಳು. ವಸುಧಾ ಸೌಟನ್ನು ಮೇಜಿನ ಮೇಲಿಟ್ಟಳು. ಅಕ್ಕಿಯ ಮೂಟೆಯನ್ನು ನೋಡಿದಳು. ಆಮೇಲೆ ಸರೋಜಮ್ಮ ಆಂಟಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ. ಈ ನೆನಪೊಂದರ ಮೇಲೆ ನನಗೆ ಅನುಮಾನವಿಲ್ಲ. ಇದು ಅಚ್ಚುಕಟ್ಟಾಗಿಲ್ಲ.

ಆಗ ಬಸವರಾಜ ಗಂಟಲು ಸರಿಮಾಡಿಕೊಂಡರು. “ವಸುಧಾ ಅವರ, ತಪ್ಪು ತಿಳೀಬ್ಯಾಡ್ರಿ. ನಮ್ಮ ಗಾಡ್ಯಾಗ ಸ್ವಲ್ಪ ಮೊಸರನ್ನ ಐತ್ರಿ.”

“ಮೊಸರನ್ನ ಯಾಕೆ ತಂದ್ರಿ?”

ಅವರು ನನ್ನತ್ತ ಕೈತೋರಿಸಿದರು. “ಊಟದ ಹೊತ್ತಿಗೆ ಪೇಚಾಡಬ್ಯಾಡ್ರಿ ಅಂತ ಇವರು ಅಂಗಡ್ಯಾಗ ಅಂದ್ರು. ವೇದಿಕಿಯವ್ರಿಗೆ ಊಟ ಕಡಿಮಿ ಬಡಸಾಕ ಐವತ್ತೇಳರಾಗ ಒಳಸಂಚು ನಡದೈತಿ ಅಂತ ನಮ್ಮಾಕಿಗೆ ಸಂಶಯ ಬಂತು. ನಮ್ಮ ತಂಡದವ್ರಿಗೆ ಒಂದ್ ಮಾತ್ ಹೇಳಿದ್ನಿ. ಅಷ್ಟ.”

ಅಷ್ಟೇ! ಆ ಒಂದು ಮಾತು ಒಂದೇ ಸಂಜೆಯಲ್ಲಿ ದೂರದ ಅಪ್ಪರ್ ಹಟ್ ಊರಿನಿಂದ ಹಬ್ಬಕ್ಕೆಂದು ಬಂದಿದ್ದ ಅವರ ಷಡ್ಡಕನವರೆಗೆ ತಲುಪಿತ್ತು. ಸಭಾಂಗಣದ ಹೊರಗೆ ಕಾರುಗಳ ಡಿಕ್ಕಿಗಳು ಒಂದೊಂದಾಗಿ, ನಾಚಿಕೆಯಿಂದ, ತೆರೆಯತೊಡಗಿದವು. ಚಿಲ್ಲಿ ಬಿನ್ ಎಂದು ಇಲ್ಲಿಯವರು ಕರೆಯುವ ಐಸ್ ಪೆಟ್ಟಿಗೆಗಳಿಂದ ಮೊಸರನ್ನ ಹೊರಬಂತು. ಚಿತ್ರಾನ್ನ ಬಂತು. ಪುಳಿಯೋಗರೆ ಬಂತು. ಒಬ್ಬರ ಡಿಕ್ಕಿಯಲ್ಲಿ ಬರೀ ಚಪಾತಿ. ಅವರಿಗೆ ಅಡುಗೆ ಗುಂಪಿನ ಮೇಲೆ ಅನುಮಾನ, ಪಲ್ಯದ ಮೇಲೆ ನಂಬಿಕೆ. ಅನುಮಾನವಿಲ್ಲದ ಡಿಕ್ಕಿ ಒಂದೂ ಇರಲಿಲ್ಲ. ಕೊನೆಗೆ ಸರೋಜಮ್ಮ ಆಂಟಿ ತಮ್ಮ ಕಾರಿನ ಕೀಲಿ ಕೊಟ್ಟರು. ಅದರಲ್ಲಿ ಕಂಬಳಿ ಹೊದ್ದು ಮಲಗಿದ್ದ ಒಂದು ಭಾರೀ ಪಾತ್ರೆ ಬಿಸಿ ಅನ್ನ, ಒಂದು ಪಾತ್ರೆ ಸಾರು!

“ಆಂಟಿ, ನಿಮಗೆ ಹೇಗೆ ಗೊತ್ತಾಯ್ತು?” ಎಂದೆ.

“ಕನ್ನಡಕ ಹಾಕ್ಕೊಂಡು ನೋಡು ಅಂದ್ಯಲ್ಲಪ್ಪ. ಹಾಕ್ಕೊಂಡೆ. ಏನೂ ಕಾಣ್ಸಲಿಲ್ಲ. ಎದ್ದು ಅನ್ನಕ್ಕಿಟ್ಟೆ.”

ವಸುಧಾ ಮುಖ ತೊಳೆದುಕೊಂಡು ಬಂದಳು. ನೆನೆದ ಹೆಸರುಬೇಳೆಗೆ ಒಲೆ ಬೇಕಾಗಿರಲಿಲ್ಲ. ಬಿಸಿಬೇಳೆಬಾತಿಗೆಂದ ಕ್ಯಾರೆಟ್ಟು ತುರಿಯಾಯಿತು. ಸೌತೆಕಾಯಿ, ಕಾಯಿತುರಿ, ನಿಂಬೆಹಣ್ಣು, ಕೊತ್ತಂಬರಿ ಸೇರಿದವು. ಅಡುಗೆ ಗುಂಪಿನ ಹೆಂಗಸರೆಲ್ಲ ಸೆರಗು ಸಿಕ್ಕಿಸಿ ನಿಂತು ಕೈತುಂಬ ಹೆಚ್ಚಿ, ಇಡೀ ಕೂಟಕ್ಕಾಗುವಷ್ಟು ಕೋಸಂಬರಿ ಕಲಸಿದರು. ಒಗ್ಗರಣೆಯಿಲ್ಲ. ಆ ದಿನ ಸಭಾಂಗಣದಲ್ಲಿ ತಯಾರಾದ ಏಕೈಕ ಅಡುಗೆ ಅದು. ಮೊದಲ ಎಲೆಗೆ ಬಡಿಸಿದ್ದೂ ಅದೇ.

ಸರೋಜಮ್ಮ ಆಂಟಿ ಬಾಯಿಗಿಟ್ಟರು. ಅಗಿದರು. ನಾವೆಲ್ಲ ನಿಂತಿದ್ದೆವು.

“ಒಲೆ ಇದ್ದು ಅಡುಗೆ ಮಾಡೋದು ಏನು ದೊಡ್ಡದು” ಎಂದರು. “ಸೌಟು ನಿನ್ನ ಹತ್ರಾನೇ ಇರ್ಲಿ ಕಣೇ.”

ನಾನು ನಿಟ್ಟುಸಿರು ಬಿಟ್ಟು ಪಂಕ್ತಿಯಲ್ಲಿ ಕುಳಿತೆ. ಪಕ್ಕದಲ್ಲಿದ್ದ ಬಸವರಾಜ ಎಲೆಯ ಮೇಲೆ ನೀರು ಚಿಮುಕಿಸುತ್ತ ಕೇಳಿದರು:

“ನಿಮ್ಮ ಗಾಡ್ಯಾಗ ಏನ್ ಇತ್ರಿ ಸರ?”

ನನ್ನ ಗಾಡಿಯಲ್ಲಿ ಮೈಕು ಇತ್ತು. ಬ್ಯಾನರು ಇತ್ತು. ಒಲೆ ಕೆಟ್ಟಿದೆಯೆಂದು ಗೊತ್ತಿದ್ದ ಏಕೈಕ ಮನುಷ್ಯ ನಾನು. ಒಂದು ತುತ್ತು ಅನ್ನವನ್ನೂ ತಾರದೆ ಬಂದ ಏಕೈಕ ಮನುಷ್ಯನೂ ನಾನೇ!

ಮನೆಗೆ ಬರುವ ದಾರಿಯಲ್ಲಿ ಒಂದು ಸಮಜಾಯಿಷಿ ಕೊಡಲು ನೋಡಿದೆ. “ಯಾರನ್ನೂ ಬಿಡಬೇಡಪ್ಪ, ಎಲ್ಲರಿಗೂ ಹಾಕು ಅಂತ ಸರೋಜಮ್ಮ ಆಂಟಿನೇ ಹೇಳಿದ್ರು. ನನಗೆ ಸ್ಪಷ್ಟವಾಗಿ ನೆನಪಿದೆ.”

“ಹೇಳಿದ್ರು” ಎಂದಳು ವಸುಧಾ. “ಹೋದ ವರ್ಷ. ನೀವು ಹೋಳಿಗೆ ಬಡಿಸ್ತಿದ್ದಾಗ.”

ಹಿಂದಿನ ಸೀಟಿನಲ್ಲಿ ದಿಯಾ ನಕ್ಕಳು. ಕನ್ನಡ ಮಾತಾಡಲು ಬಾರದ ಮಕ್ಕಳಿಗೆ ಇಂಥ ಮಾತು ಮಾತ್ರ ಹೇಗೆ ಪೂರ್ತಿ ಅರ್ಥವಾಗುತ್ತದೆಯೋ!

ಮುಂದಿನ ಸಭೆಯಲ್ಲಿ ಸರ್ವಾನುಮತದಿಂದ ವಾಟ್ಸಾಪಿನ ಬೀಗ ತೆಗೆಯಲಾಯಿತು. ಟ್ರ್ಯಾಕರನ್ನು ಮಾತ್ರ ಯಾರೂ ಬಿಡಲು ಒಪ್ಪಲಿಲ್ಲ. ಟಿಕೆಟ್ ಮುಚ್ಚುವ ರುಚಿ ಎಲ್ಲರಿಗೂ ಹತ್ತಿತ್ತು. ಅದರ ಆಡಳಿತವನ್ನು ವಸುಧಾಳಿಗೆ ವಹಿಸಿದರು. ಅವಳು ಮೊದಲ ಕೆಲಸವಾಗಿ ‘ಊಟಕ್ಕೆ ಬರುವವರು’ ಎಂಬ ಹೊಸ ಗುಂಪು ಮಾಡಿದಳು. ಸದ್ಯಕ್ಕೆ ಅದರಲ್ಲಿ ಇರುವವನು ನಾನೊಬ್ಬನೇ.

ಮೊನ್ನೆ ಸುಮ್ಮನೆ ಪಟ್ಟಿ ನೋಡುತ್ತಿದ್ದೆ. ಅರವತ್ತು ಇದೆ. ಅರವತ್ತೆರಡು ಇದೆ. ನಡುವಿನದು ಇಲ್ಲ! ಸಂಖ್ಯೆ ಒತ್ತಿ ನೋಡಿದೆ. ‘ಈ ಟಿಕೆಟ್ ನೋಡಲು ನಿಮಗೆ ಅನುಮತಿ ಇಲ್ಲ.’ ಇಲ್ಲ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಅನುಮತಿ ಇಲ್ಲ ಎಂದರೆ ಏನೋ ಇದೆ! ನೇರವಾಗಿ ಅಡುಗೆಮನೆಗೆ ಹೋದೆ.

“ವಸುಧಾ, ಅರವತ್ತೊಂದರಲ್ಲಿ ಏನಿದೆ?”

ಅವಳು ಒಗ್ಗರಣೆಯಿಂದ ತಲೆಯೆತ್ತಲಿಲ್ಲ. “ಟಿಕೆಟ್ ಹಾಕಿ.”

ಹಾಕಿದೆ. ‘ನನ್ನ ಹೆಂಡತಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ’ ಎಂದು ಬರೆದೆ. ಈ ಸಲ ಸಣ್ಣ ಅಕ್ಷರಗಳನ್ನೂ ಬಿಡದೆ ಓದಿ, ತಪ್ಪಾಗದಿರಲೆಂದು ಒಂದೇ ಒಂದು ಚೌಕವನ್ನೂ ಮುಟ್ಟದೆ ಗುಂಡಿ ಒತ್ತಿದೆ. ಗುರುತಿಲ್ಲದ ಟಿಕೆಟ್ ಊರಿಗೆಲ್ಲ ಕಾಣುತ್ತದೆಂಬುದು ನೆನಪಾದದ್ದು ಬಸವರಾಜರ ಫೋನ್ ಬಂದಾಗ. ಅವರಿಗೂ ಅನುಮಾನವಿದೆಯಂತೆ. ಧೈರ್ಯದಿಂದಿರಬೇಕಂತೆ.

ಅಷ್ಟರಲ್ಲಿ ಯಾರೋ ನನ್ನ ಟಿಕೆಟ್ ಮುಚ್ಚಿದ್ದರು. ಕೆಳಗೆ ಸರೋಜಮ್ಮ ಆಂಟಿಯ ಹೆಸರಿತ್ತು. ಕಾರಣ: ‘ಇದು ದೋಷವಲ್ಲ, ಇರಬೇಕಾದದ್ದೇ ಹೀಗೆ.’